ಪರಂಗಿ ಗಿಡ ಯಾಕೆ ಸೊರಗಿದೆ? ಬುಡ, ಸುಳಿ, ಹೂವು, ಕಾಯಿ ನೋಡಿ ಕಂಡುಕೊಳ್ಳುವ ಕ್ರಮ

ಹಿತ್ತಲಲ್ಲಿ ಪರಂಗಿ ಬೆಳೆದವರು ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು: "ಎಲೆ ಹಳದಿ ಆಗ್ತಾ ಇದೆ, ಏನು ಹೊಡೀಬೇಕು?" ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ವಯಸ್ಸು, ನೀರು, ಗೊಬ್ಬರದ ಕೊರತೆ, ನುಸಿ, ನಂಜು (ವೈರಸ್) ರೋಗ, ಯಾವುದರಿಂದಲೂ ಎಲೆ ಹಳದಿ ಆಗಬಹುದು. ಕೆಲವಕ್ಕೆ ಮದ್ದು ಬೇಕಾಗಿಯೇ ಇಲ್ಲ. ಕೆಲವಕ್ಕೆ ಮದ್ದೇ ಇಲ್ಲ. ಉಳಿದ ಕೆಲವಕ್ಕೆ ಮಾತ್ರ ಸಿಂಪಡಣೆಯಿಂದ ಉಪಯೋಗ. ಅದಕ್ಕೇ ಮೊದಲು ಗಿಡ ನೋಡಿ, ಅಂಗಡಿಗೆ ಆಮೇಲೆ ಹೋಗಿ.

ಪಪ್ಪಾಯಿ ಅನ್ನಿ, ಕರಾವಳಿಯವರ ಹಾಗೆ ಬಪ್ಪಂಗಾಯಿ ಅನ್ನಿ, ನೋಡಲು ಮರದಂತಿದ್ದರೂ ಇದಕ್ಕೆ ಮರದ ತಾಳಿಕೆ ಇಲ್ಲ. ಕಾಂಡದ ಒಳಗೆ ಪೊಳ್ಳು. ಬೇರು ಮೆತ್ತಗೆ. ಮಾವು, ಹಲಸು ಒಂದು ತಿಂಗಳು ತಡೆದುಕೊಳ್ಳುವ ತೊಂದರೆಯನ್ನು ಪರಂಗಿ ಒಂದು ವಾರವೂ ತಡೆದುಕೊಳ್ಳದು. ಆದರೆ ಬೆಳವಣಿಗೆಯೂ ಅಷ್ಟೇ ಚುರುಕು. ಚೆನ್ನಾಗಿರುವ ಗಿಡ ವಾರಕ್ಕೆ ಸುಮಾರು ಎರಡರಂತೆ ಹೊಸ ಎಲೆ ಬಿಡುತ್ತದೆ. ಹಾಗಾಗಿ ನೀವು ಮಾಡಿದ ಉಪಾಯ ಫಲಿಸಿದೆಯೇ ಎಂಬುದು ಎರಡು ಮೂರು ವಾರದಲ್ಲಿ ಸುಳಿಯಲ್ಲೇ ಗೊತ್ತಾಗುತ್ತದೆ. ಹಾಳಾದ ಹಳೆ ಎಲೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಬೇಸರ ಬೇಡ, ಹೊಸ ಎಲೆಯನ್ನು ನೋಡಿ.

ಕೈ ಹಾಕುವ ಮೊದಲು ಎಚ್ಚರಿಕೆ

ಪರಂಗಿಯ ಹಾಲು ಚರ್ಮಕ್ಕೆ ಉರಿ ತರುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಕಾಯಿ ಕೀಳುವಾಗ, ಎಲೆ ಕತ್ತರಿಸುವಾಗ ಮುಖ ಮೇಲೆತ್ತಿ ಅದರ ಕೆಳಗೇ ನಿಲ್ಲಬೇಡಿ. ಕೈಗೆ ಗವಸು ಇರಲಿ. ಕಣ್ಣಿಗೆ ಬಿದ್ದರೆ ಉಜ್ಜದೆ ಶುದ್ಧ ನೀರಿನಲ್ಲಿ ತುಂಬ ಹೊತ್ತು ತೊಳೆದು ವೈದ್ಯರ ಹತ್ತಿರ ಹೋಗಿ. ರಬ್ಬರ್ ಗವಸು, ಬಲೂನು ಮುಟ್ಟಿದರೆ ಮೈ ಕೆರೆಯುವವರಿಗೆ ಈ ಹಾಲೂ ಆಗದೇ ಇರಬಹುದು. ಅಂಥವರು ಬೇರೆಯವರಿಗೆ ಕೆಲಸ ಬಿಡುವುದು ಒಳ್ಳೆಯದು.

ಗಿಡ ಹತ್ತಬೇಡಿ, ಮಕ್ಕಳನ್ನು ಹತ್ತಿಸಬೇಡಿ. ಪೊಳ್ಳು ಕಾಂಡ ಸದ್ದಿಲ್ಲದೆ ಮುರಿಯುತ್ತದೆ. ಏಣಿಯನ್ನೂ ಅದಕ್ಕೆ ಒರಗಿಸಬೇಡಿ. ಎತ್ತರದ ಕಾಯಿಗೆ ಬಿದಿರಿನ ದೋಟಿ ಸಾಕು. ಊರೊಳಗಿನ ಮನೆಗಳಲ್ಲಿ ವಿದ್ಯುತ್ ತಂತಿ ಕಾಂಪೌಂಡಿನ ಪಕ್ಕದಲ್ಲೇ ಹೋಗಿರುತ್ತದೆ, ಅಲ್ವಾ? ಅಲ್ಲಿ ಕಬ್ಬಿಣದ ಪೈಪು, ಅಲ್ಯೂಮಿನಿಯಂ ಕೋಲು ಎತ್ತಲೇಬೇಡಿ. ಹಸಿ ಬಿದಿರು ಕೂಡ ಬೇಡ.

ಮೊದಲ ಸುತ್ತು: ದುಡ್ಡು ಖರ್ಚಿಲ್ಲದ ತಪಾಸಣೆ

ಯಾವ ತೊಂದರೆ ಇದ್ದರೂ ಇಲ್ಲಿಂದ ಶುರು ಮಾಡಿ. ಬುಡದ ಮಣ್ಣಿಗೆ ಬೆರಳು ಇಳಿಸಿ. ಎರಡು ಬೆರಳಗಂಟಿನಷ್ಟು ಆಳದಲ್ಲಿ ಕೆಸರಿದೆಯೋ, ಹದವಾಗಿದೆಯೋ, ಪುಡಿ ಪುಡಿ ಒಣಗಿದೆಯೋ ನೋಡಿ. ಮಣ್ಣಿನ ಮಟ್ಟದಲ್ಲಿ ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿ. ಗಟ್ಟಿ ಇರಬೇಕು. ಮೆತ್ತಗಾಗಿ ಬೆರಳು ಒಳಕ್ಕೆ ಹೋದರೆ ಉಳಿದದ್ದೆಲ್ಲ ಬಿಟ್ಟು "ಬಾಡಿದೆ" ಎಂಬ ಭಾಗಕ್ಕೆ ಹೋಗಿ.

ಆಮೇಲೆ ಹಳದಿ ಯಾವ ಎಲೆಯಿಂದ ಶುರುವಾಗಿದೆ ನೋಡಿ. ಕೆಳಗಿನ ಹಳೆ ಎಲೆಯಿಂದಲೋ, ಸುಳಿಯ ಹೊಸ ಎಲೆಯಿಂದಲೋ? ಅರ್ಧ ರೋಗ ಇಲ್ಲೇ ಗೊತ್ತಾಗುತ್ತದೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಎಲೆ ಬಡಿಯಿರಿ. ಬಿದ್ದ ಚುಕ್ಕೆ ನಡೆದಾಡಿದರೆ ನುಸಿ. ಕೊನೆಯದಾಗಿ ಹಿಂದಿನ ಹದಿನೈದು ದಿನ ನೆನಪಿಸಿಕೊಳ್ಳಿ. ಜೋರು ಮಳೆ ಬಂತೇ? ಪಕ್ಕದಲ್ಲಿ ಕಟ್ಟಡ ಕೆಲಸ ನಡೆದು ಸಿಮೆಂಟ್ ನೀರು ಹರಿಯಿತೇ? ಯಾರಾದರೂ ಕಳೆನಾಶಕ ಹೊಡೆದರೇ? ಬುಡಕ್ಕೆ ಹಸಿ ಸಗಣಿ ಸುರಿದಿರೇ?

ಕೆಳಗಿನ ಎಲೆ ಮಾತ್ರ ಹಳದಿ

ಕೆಳಗಿನ ಒಂದೆರಡು ಎಲೆ ಹಳದಿಯಾಗಿ ತೊಟ್ಟಿನ ಸಮೇತ ಉದುರುತ್ತಿದೆ, ಮೇಲೆ ಸುಳಿ ಚೆನ್ನಾಗಿದೆ. ಅಂದರೆ ಅದು ವಯಸ್ಸಾದ ಎಲೆ. ಏನೂ ಮಾಡಬೇಡಿ.

ಐದಾರು ಎಲೆ ಒಟ್ಟಿಗೆ ಪೇಲವ ಆಗಿ, ಹೊಸ ಎಲೆಯೂ ಚಿಕ್ಕದಾಗಿ ಬರುತ್ತಿದ್ದರೆ ಸಾರಜನಕ ಸಾಲುತ್ತಿಲ್ಲ. ಎಲೆಯಂಚು ಒಣಗಿ ಸುಟ್ಟಂತಾದರೆ ಪೊಟ್ಯಾಷ್ ಕೊರತೆ ಇರಬಹುದು. ಕಾಯಿ ತುಂಬಿದ ಗಿಡದಲ್ಲಿ ಇದು ಸಾಮಾನ್ಯ. ಪರಂಗಿ ವರ್ಷವಿಡೀ ಎಲೆ, ಹೂ, ಕಾಯಿ ಒಟ್ಟಿಗೆ ಹೊರುವ ಗಿಡ, ಹೊಟ್ಟೆಗೆ ಜಾಸ್ತಿಯೇ ಬೇಕು. ವರ್ಷಕ್ಕೊಮ್ಮೆ ರಾಶಿ ಹಾಕುವ ಬದಲು ಎರಡು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಇಲ್ಲವೇ ಎರೆಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಕಾಂಡದಿಂದ ಒಂದೂವರೆ ಅಡಿ ದೂರದಲ್ಲಿ ಸುತ್ತಲೂ ಹಾಕಿ ಮಣ್ಣು ಮುಚ್ಚಿ. ಬರೀ ಯೂರಿಯಾ ಕೊಟ್ಟರೆ ಎಲೆ ಕಪ್ಪು ಹಸಿರಾಗಿ ಸೊಂಪಾಗುತ್ತದೆ, ಆದರೆ ಆ ಮೆತ್ತನೆ ಚಿಗುರಿಗೆ ಕೀಟಗಳು ಮುತ್ತುತ್ತವೆ.

ಗೊಬ್ಬರ ಕೊಟ್ಟೂ ಚೇತರಿಕೆ ಇಲ್ಲದಿದ್ದರೆ ಪಕ್ಕದಲ್ಲಿ ಸ್ವಲ್ಪ ಮಣ್ಣು ಕೆದಕಿ ಸಣ್ಣ ಬೇರು ನೋಡಿ. ಬೇರಿನಲ್ಲಿ ಗಂಟು ಗಂಟು ಕಂಡರೆ ಅದು ಜಂತುಹುಳು ತರುವ ಗಂಟು ಬೇರು ರೋಗ. ಮೊದಲು ಟೊಮ್ಯಾಟೊ, ಬದನೆ, ಬೆಂಡೆ ಬೆಳೆದ ಜಾಗದಲ್ಲಿ ಜಾಸ್ತಿ. ಬೇವಿನ ಹಿಂಡಿ ಹೆಚ್ಚಿಸಿ, ಸುತ್ತ ಚೆಂಡುಹೂ ನೆಡಿ. ಪೂರ್ತಿ ಹೋಗುವುದಿಲ್ಲ, ಹತೋಟಿಗೆ ಬರುತ್ತದೆ.

ಗಿಡ ಇದ್ದಕ್ಕಿದ್ದಂತೆ ಬಾಡಿದೆ

ಮನೆಯಂಗಳದ ಪರಂಗಿಯನ್ನು ಅತಿ ಹೆಚ್ಚು ಕೊಲ್ಲುವುದು ನೀರು. ನೀರಿಲ್ಲದೆ ಸಾಯುವುದಕ್ಕಿಂತ ನೀರು ನಿಂತು ಸಾಯುವುದೇ ಜಾಸ್ತಿ.

ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆಗೆ ಎದ್ದರೆ ತೊಂದರೆ ಇಲ್ಲ. ಸಂಜೆಯಾದರೂ ಏಳದಿದ್ದರೆ ಬೆರಳು ಇಳಿಸಿ ನೋಡಿದ್ದು ಈಗ ಉಪಯೋಗಕ್ಕೆ ಬರುತ್ತದೆ. ಮಣ್ಣು ಒಣಗಿದೆ, ಎಲೆ ಬಾಡಿದೆ ಅಂದರೆ ಬಾಯಾರಿಕೆ, ನೀರು ಕೊಡಿ. ಮಣ್ಣು ಒದ್ದೆ ಇದೆ, ಆದರೂ ಎಲೆ ಬಾಡಿದೆ ಅಂದರೆ ಬೇರು ಉಸಿರು ಕಟ್ಟಿದೆ ಇಲ್ಲವೇ ಕೊಳೆಯುತ್ತಿದೆ. ಇಲ್ಲಿ ತುಂಬ ಜನ ಇನ್ನೊಂದು ಕೊಡ ನೀರು ಹಾಕುತ್ತಾರೆ. ಅದು ಗಿಡದ ಕೊನೆ ನೀರಾಗುತ್ತದೆ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಪರಂಗಿ ಸಾಯಬಹುದು.

ಒದ್ದೆ ಮಣ್ಣು, ಬಾಡಿದ ಎಲೆ ಕಂಡ ದಿನವೇ ನೀರು ನಿಲ್ಲಿಸಿ. ಪಾತಿಯ ಒಂದು ಬದಿ ಒಡೆದು ನೀರು ಹೊರಗೆ ಹೋಗಲು ಕಾಲುವೆ ಬಿಡಿ. ಬುಡಕ್ಕೆ ಮುಚ್ಚಿದ ದರಗು, ಹಸಿ ಹುಲ್ಲು ತೆಗೆದು ಗಾಳಿಯಾಡಲು ಬಿಡಿ. ಮಣ್ಣಿನ ಮಟ್ಟದಲ್ಲಿ ಕಾಂಡದ ತೊಗಟೆಯನ್ನು ಚಾಕುವಿನ ತುದಿಯಿಂದ ಬೆರಳುಗುರಿನಷ್ಟು ಮಾತ್ರ ಕೆರೆದು ನೋಡಿ. ಒಳಗೆ ಬೆಳ್ಳಗೆ, ಗಟ್ಟಿ ಇದ್ದು ಹಾಲು ಜಿನುಗಿದರೆ ಆಸೆ ಇದೆ. ಕಂದು ಬಣ್ಣ, ನೀರು ನೀರಾದ ತಿರುಳು, ಕೆಟ್ಟ ವಾಸನೆ ಇದ್ದರೆ ಬುಡ ಕೊಳೆ ರೋಗ. ಪೈಥಿಯಂ, ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ಜೀವಿಗಳು ಇದಕ್ಕೆ ಕಾರಣ. ಅಡಿಕೆಗೆ ಕೊಳೆರೋಗ ತರುವುದೂ ಫೈಟಾಫ್ತೊರಾ ಕುಲದ್ದೇ. ಅದಕ್ಕೇ ಮಲೆನಾಡಿನವರಿಗೆ ಇದರ ಮದ್ದು ಹೊಸದಲ್ಲ: ಬೋರ್ಡೋ ದ್ರಾವಣ.

ಕೊಳೆ ಕಾಂಡದ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಮಾತ್ರ ಚಿಕಿತ್ಸೆಗೆ ಅರ್ಥ ಇದೆ. ಕೊಳೆತದ್ದನ್ನು ಗಟ್ಟಿ ಭಾಗ ಸಿಗುವವರೆಗೆ ಹೆರೆಯಿರಿ, ಹೆರೆದದ್ದನ್ನು ಅಲ್ಲೇ ಬಿಡದೆ ಆರಿಸಿ ಸುಡಿ. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ಸುತ್ತಲ ಮಣ್ಣಿಗೆ ಶೇ. 1ರ ಬೋರ್ಡೋ ದ್ರಾವಣ ಇಲ್ಲವೇ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿದ ನೀರು ಸುರಿಯಿರಿ.

ಬೋರ್ಡೋ ಮಾಡುವುದು ಕಷ್ಟ ಇಲ್ಲ. 100 ಗ್ರಾಂ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 5 ಲೀಟರ್ ನೀರಿನಲ್ಲಿ ಕರಗಿಸಿ. 100 ಗ್ರಾಂ ಸುಣ್ಣವನ್ನು ಬೇರೆ 5 ಲೀಟರ್ ನೀರಿನಲ್ಲಿ ಕಲಸಿ ಸೋಸಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತಾ ಕೋಲಿನಿಂದ ತಿರುವಿ. ಪ್ಲಾಸ್ಟಿಕ್ ಬಕೆಟ್ ಮಾತ್ರ ಬಳಸಿ, ಕಬ್ಬಿಣದ್ದು ಬೇಡ. ಹೊಳೆಯುವ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆಯಿರಿ. ಚಾಕುವಿನ ಮೇಲೆ ಕೆಂಪು ಲೇಪ ಕೂತರೆ ತಾಮ್ರ ಜಾಸ್ತಿ ಇದೆ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಬಳಸಿ. ಮುಲಾಮಿಗೆ ಇದೇ ಅಳತೆಯ ತುತ್ತ, ಸುಣ್ಣಕ್ಕೆ ಒಟ್ಟು ಒಂದು ಲೀಟರ್ ನೀರು ಸಾಕು. ಮೈಲುತುತ್ತ ವಿಷ. ಮಕ್ಕಳಿಗೆ, ಸಾಕುಪ್ರಾಣಿಗಳಿಗೆ ಸಿಗದ ಹಾಗೆ ಇಡಿ. ಚಾಕುವನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಕೊಳೆ ಸುತ್ತಲೂ ಹರಡಿದ್ದರೆ ಗಿಡ ಉಳಿಯದು. ಅದು ಯಾವ ಗಳಿಗೆಯಲ್ಲೂ ಬೀಳಬಹುದು, ಕೆಳಗೆ ಯಾರೂ ಓಡಾಡದ ಹಾಗೆ ನೋಡಿಕೊಂಡು ತೆಗೆಸಿ.

ಮುಂದಿನ ಗಿಡಕ್ಕೆ ಜಾಗ ಆರಿಸುವಾಗ ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿಸಿ. ಮಾರನೇ ದಿನವೂ ನೀರು ನಿಂತಿದ್ದರೆ ಆ ಜಾಗ ಪರಂಗಿಗೆ ಆಗದು. ಬೇರೆ ಜಾಗ ಇಲ್ಲ ಅಂದರೆ ಒಂದಡಿ ಎತ್ತರದ ಏರುಮಡಿ ಮಾಡಿ ನೆಡಿ. ಎರೆಮಣ್ಣಿನ ಊರುಗಳಲ್ಲಿ ಇದು ಕಡ್ಡಾಯ ಅಂತಲೇ ಇಟ್ಟುಕೊಳ್ಳಿ. ನೀರು ಕಾಂಡಕ್ಕೆ ತಾಗದ ಹಾಗೆ ಬುಡಕ್ಕೆ ಮಣ್ಣು ಏರಿಸಿ, ಅದರಾಚೆ ಸುತ್ತ ಪಾತಿ ಮಾಡಿ. ಬೆಂಗಳೂರು ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಳೆ ಜೋರು. ಕರಾವಳಿ, ಮಲೆನಾಡಿನಲ್ಲಿ ಜೂನ್‌ನಿಂದಲೇ. ಅದಕ್ಕೆ ಮುಂಚೆ ಕಾಲುವೆ ಸರಿ ಮಾಡಿಕೊಳ್ಳಿ.

ಹೊಸ ಎಲೆ ಹಳದಿ, ನರ ಮಾತ್ರ ಹಸಿರು

ಇದು ಕಬ್ಬಿಣದ ಕೊರತೆಯ ಗುರುತು. ಹೆಚ್ಚಿನ ಸಲ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಮಣ್ಣು ಕ್ಷಾರವಾಗಿರುವುದರಿಂದ ಬೇರಿಗೆ ಸಿಗುವುದಿಲ್ಲ. ಸುಣ್ಣದಂಶ ಇರುವ ಎರೆಮಣ್ಣು, ಗಡಸು ಬೋರ್‌ವೆಲ್ ನೀರು, ಹೊಸ ಮನೆಯ ಸಿಮೆಂಟ್, ಗಾರೆ ಪುಡಿ ತುಂಬಿದ ಅಂಗಳ, ಮೂರರಲ್ಲೂ ಹೀಗಾಗುತ್ತದೆ. ಕಟ್ಟಡದ ಕಸ ಇದ್ದರೆ ತೆಗೆದುಹಾಕಿ, ಕಳಿತ ಗೊಬ್ಬರ ಹೆಚ್ಚಿಸಿ, ಸಾಧ್ಯವಾದಾಗ ಮಳೆ ನೀರು ಕೊಡಿ. ಬೇಗ ಫಲ ಬೇಕಿದ್ದರೆ ಕಬ್ಬಿಣ, ಸತು ಇರುವ ಲಘು ಪೋಷಕಾಂಶದ ಮಿಶ್ರಣ ಪೊಟ್ಟಣದಲ್ಲಿ ಸಿಗುತ್ತದೆ. ಅದರ ಮೇಲೆ ಬರೆದ ಅಳತೆಯಲ್ಲೇ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ.

ಹಳದಿ ಹೀಗೆ ಅಚ್ಚುಕಟ್ಟಾಗಿರದೆ ಹಸಿರು, ಹಳದಿ ಅಡ್ಡಾದಿಡ್ಡಿ ತೇಪೆಯಾಗಿದ್ದರೆ ಮುಂದಿನ ಭಾಗ ಓದಿ.

ಸುಳಿ ಎಲೆ ಮುದುರಿದೆ, ಸಪೂರವಾಗಿದೆ, ತೇಪೆ ತೇಪೆಯಾಗಿದೆ

ಇಲ್ಲಿ ಅವಸರ ಬೇಡ. ಹೆಚ್ಚುಕಡಿಮೆ ಒಂದೇ ಥರ ಕಾಣುವ ನಾಲ್ಕು ತೊಂದರೆಗಳು ಇಲ್ಲಿವೆ. ಎರಡು ವಾಸಿಯಾಗುತ್ತವೆ, ಎರಡು ಆಗುವುದಿಲ್ಲ. ವಾಸಿಯಾಗುವ ಗಿಡವನ್ನು ಕಿತ್ತವರೂ ಇದ್ದಾರೆ, ವಾಸಿಯಾಗದ ಗಿಡಕ್ಕೆ ತಿಂಗಳುಗಟ್ಟಲೆ ಮದ್ದು ಹೊಡೆದವರೂ ಇದ್ದಾರೆ.

ಮೊದಲನೆಯದು ನುಸಿ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಸುಳಿಯಲ್ಲೇ ಕೂತು ರಸ ಹೀರುತ್ತದೆ. ಎಲೆ ಚಿಕ್ಕದಾಗಿ, ಬಿರುಸಾಗಿ, ಉಗುರಿನಂತೆ ಬಾಗುತ್ತದೆ. ನಾಲ್ಕನೆಯ ತೊಂದರೆಯಲ್ಲಿ ಕಾಂಡದ ಮೇಲೆ, ತೊಟ್ಟಿನ ಮೇಲೆ ಕಾಣುವ ಎಣ್ಣೆ ಸವರಿದಂಥ ಗೆರೆಗಳು ಇದರಲ್ಲಿ ಇರುವುದಿಲ್ಲ. ಬೇಸಿಗೆಯಲ್ಲಿ ಬೆಳೆದ ಎಲೆಗಳ ಅಡಿಯಲ್ಲಿ ಕೆಂಪು ನುಸಿಯೂ ಬರುತ್ತದೆ. ಎಲೆ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕೆ, ಅಡಿಯಲ್ಲಿ ನವಿರು ಬಲೆ. ಎರಡಕ್ಕೂ ಮೊದಲು ಪೈಪಿನಿಂದ ಜೋರಾಗಿ ಎಲೆಯ ಅಡಿಭಾಗ ತೊಳೆಯಿರಿ, ಎರಡು ಮೂರು ದಿನಕ್ಕೊಮ್ಮೆ. ಕಡಿಮೆಯಾಗದಿದ್ದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ. ಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ, ಸಂಜೆ ಹೊಡೆಯಿರಿ. ಬೇವಿನ ಎಣ್ಣೆ ಹೊಡೆದು ಎರಡು ಮೂರು ವಾರದೊಳಗೆ ಗಂಧಕ ಬೇಡ.

ಎರಡನೆಯದು ಕಳೆನಾಶಕದ ಗಾಳಿ. 2,4-ಡಿ ಎಂಬ ಕಳೆನಾಶಕಕ್ಕೆ ಪರಂಗಿ ಬಹಳ ಸೂಕ್ಷ್ಮ. ಪಕ್ಕದ ಸೈಟಿನಲ್ಲಿ ಹೊಡೆದದ್ದು ಗಾಳಿಯಲ್ಲಿ ಬಂದರೂ ಸಾಕು, ಹೊಸ ಎಲೆಗಳು ಸಪೂರವಾಗಿ ತಿರುಚಿಕೊಳ್ಳುತ್ತವೆ. ಗುರುತು ಏನೆಂದರೆ, ಇದು ದಿಢೀರಂತ ಶುರುವಾಗುತ್ತದೆ, ಮತ್ತು ಅಕ್ಕಪಕ್ಕದ ಟೊಮ್ಯಾಟೊ, ದಾಸವಾಳದ ಚಿಗುರೂ ತಿರುಚಿರುತ್ತದೆ. ನೀರು ಹದವಾಗಿ ಕೊಟ್ಟು ಕಾಯಿರಿ. ಪೆಟ್ಟು ಜೋರಾಗಿ ಬಿದ್ದಿರದಿದ್ದರೆ ಕ್ರಮೇಣ ಸರಿಯಾದ ಎಲೆ ಬರುತ್ತದೆ.

ಮೂರನೆಯದು ಎಲೆ ಮುದುರು ರೋಗ. ಬಿಳಿ ನೊಣ ಹರಡುವ ನಂಜು. ಎಲೆ ಕವುಚಿಟ್ಟ ಬೋಸಿಯ ಹಾಗೆ ಕೆಳಕ್ಕೂ ಒಳಕ್ಕೂ ಮಡಚಿಕೊಳ್ಳುತ್ತದೆ. ನರ ದಪ್ಪಗಾಗುತ್ತದೆ, ಎಲೆ ತೊಗಲಿನಂತೆ ಒರಟಾಗುತ್ತದೆ, ತೊಟ್ಟು ತಿರುಚುತ್ತದೆ. ಗಿಡ ಬೆಳೆಯುವುದು ನಿಲ್ಲುತ್ತದೆ, ಕಾಯಿ ಬಿಟ್ಟರೆ ಹೆಚ್ಚು.

ನಾಲ್ಕನೆಯದು ಉಂಗುರ ಚುಕ್ಕೆ ನಂಜು ರೋಗ. ಜಗತ್ತಿನ ಪರಂಗಿಗೆಲ್ಲ ಇದೇ ದೊಡ್ಡ ಶತ್ರು. ಎಲೆಯಲ್ಲಿ ಹಸಿರು, ಹಳದಿ ತೇಪೆ. ಕೆಲವು ಎಲೆ ಶೂ ದಾರದಷ್ಟು ಸಪೂರ. ನಂಬುವಂಥ ಗುರುತು ತೊಟ್ಟಿನಲ್ಲಿ, ಕಾಂಡದ ಮೇಲ್ಭಾಗದಲ್ಲಿ ಸಿಗುತ್ತದೆ: ಎಣ್ಣೆ ಸವರಿದಂಥ ಕಡು ಹಸಿರು ಗೆರೆಗಳು. ಕಾಯಿಯ ಮೇಲೆ ಉಂಗುರ ಉಂಗುರವಾಗಿ ಚುಕ್ಕೆ. ಗೆರೆ, ಉಂಗುರ ಎರಡೂ ಕಂಡರೆ ಅನುಮಾನಕ್ಕೆ ಜಾಗ ಕಡಿಮೆ.

ಇದನ್ನು ಹರಡುವುದು ಸಸ್ಯಹೇನು. ಅದು ಪರಂಗಿಯ ಮೇಲೆ ಬೀಡುಬಿಡುವುದಿಲ್ಲ. ಎಲ್ಲಿಂದಲೋ ಹಾರಿ ಬರುತ್ತದೆ, ಒಮ್ಮೆ ಚುಚ್ಚಿ ರುಚಿ ನೋಡುತ್ತದೆ, ಮುಂದೆ ಹೋಗುತ್ತದೆ. ಆ ಒಂದು ಚುಚ್ಚಿನಲ್ಲೇ ನಂಜು ದಾಟುತ್ತದೆ. ಆದ್ದರಿಂದ ಕೀಟನಾಶಕ ಹೊಡೆದು ಇದನ್ನು ತಡೆಯುವುದು ಆಗದ ಮಾತು. ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಅಮೆರಿಕದ ಹವಾಯಿ ದ್ವೀಪಗಳಲ್ಲಿ 1992ರಲ್ಲಿ ಈ ರೋಗ ಪೂನಾ ಎಂಬ ಮುಖ್ಯ ಪರಂಗಿ ಪ್ರದೇಶಕ್ಕೆ ನುಗ್ಗಿತು. ತೋಟಗಳು ನೆಲಕಚ್ಚಿದವು. ಅಲ್ಲಿಯೂ ಮದ್ದು ಸಿಗಲಿಲ್ಲ. ಡೆನ್ನಿಸ್ ಗೊನ್ಸಾಲ್ವೆಸ್ ಮತ್ತು ಜೊತೆಗಾರರು ರೂಪಿಸಿದ ಕುಲಾಂತರಿ ತಳಿ 1998ರಲ್ಲಿ ರೈತರ ಕೈಗೆ ಬಂದ ಮೇಲೆಯೇ ಅಲ್ಲಿನ ಬೆಳೆ ಚೇತರಿಸಿಕೊಂಡಿತು. ಭಾರತದಲ್ಲಿ ಅಂಥ ಪರಂಗಿ ಬೆಳೆಯಲು ಅನುಮತಿ ಇಲ್ಲ. ಯಾರಾದರೂ ಈ ನಂಜಿಗೆ ಬಾಟಲಿ ಮದ್ದು ಇದೆ ಅಂದರೆ ನಂಬಬೇಡಿ.

ನಾಲ್ಕರಲ್ಲಿ ಯಾವುದು ಅಂತ ಗೊತ್ತಾಗದಿದ್ದರೆ ಹೀಗೆ ಮಾಡಿ. ತೊಟ್ಟಿನ ಎಣ್ಣೆ ಗೆರೆ ಇಲ್ಲದಿದ್ದರೆ ನುಸಿ ಎಂದೇ ತಿಳಿದು ತೊಳೆಯಿರಿ, ಗಂಧಕ ಕೊಡಿ, ಮೂರು ವಾರ ಕಾಯಿರಿ. ಹೊಸ ಎಲೆ ಸರಿಯಾಗಿ ಬಂದರೆ ಗಿಡ ಉಳಿಯಿತು. ಮತ್ತೂ ಹಾಗೇ ಬಂದರೆ ನಂಜು. ಹೂ ಬಿಡುವ ಮೊದಲೇ ನಂಜು ಹತ್ತಿದ ಗಿಡವನ್ನು ಇಟ್ಟುಕೊಂಡು ಪ್ರಯೋಜನ ಇಲ್ಲ. ಕಿತ್ತು ಸುಡಿ ಅಥವಾ ಆಳವಾಗಿ ಹೂಳಿ, ಸುತ್ತಮುತ್ತಲ ಗಿಡಗಳಾದರೂ ಉಳಿಯಲಿ. ಕಾಯಿ ಬಲಿತ ಮೇಲೆ ರೋಗ ಬಂದಿದ್ದರೆ ಮತ್ತು ಹತ್ತಿರದಲ್ಲಿ ಬೇರೆ ಪರಂಗಿ ಇಲ್ಲದಿದ್ದರೆ ಇದ್ದ ಕಾಯಿ ಹಣ್ಣಾಗಲು ಬಿಡಬಹುದು. ಈ ನಂಜು ಮನುಷ್ಯರಿಗೆ ಅಂಟುವುದಿಲ್ಲ, ಹಣ್ಣು ತಿನ್ನಬಹುದು, ಸಿಹಿ ಮಾತ್ರ ಕಡಿಮೆ. ಪಕ್ಕದಲ್ಲಿ ಕುಂಬಳ, ಸೌತೆ, ಹೀರೆ ಬಳ್ಳಿ ಬೇಡ. ಈ ನಂಜು ಆ ಜಾತಿಯ ಬಳ್ಳಿಗಳಲ್ಲೂ ಉಳಿಯಬಲ್ಲದು.

ಬಿಳಿ ಹತ್ತಿಯಂಥದ್ದು ಅಂಟಿಕೊಂಡಿದೆ

ಇದು ಹಿಟ್ಟು ತಿಗಣೆ. ಎಲೆಯಡಿ, ಕಾಯಿಯ ಸಂದಿ, ಸುಳಿ ಎಲ್ಲ ಕಡೆ ಬಿಳಿ ಮೇಣ, ಅದರಿಂದ ಸುರಿದ ಅಂಟು, ಅಂಟಿನ ಮೇಲೆ ಕಪ್ಪು ಮಸಿ, ಕಾಂಡದ ಮೇಲೆ ಇರುವೆ ಸಾಲು. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿ ಹಿಟ್ಟು ತಿಗಣೆ ಬೇಗನೆ ಕರ್ನಾಟಕಕ್ಕೂ ಬಂತು. ಹಿಪ್ಪುನೇರಳೆಗೂ ಹತ್ತಿ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿತು. ಅದನ್ನು ಹತೋಟಿಗೆ ತಂದದ್ದು ಒಂದು ಪುಟ್ಟ ಕಣಜ. 2010ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕೃಷಿ ಉಪಯುಕ್ತ ಕೀಟಗಳ ಸಂಸ್ಥೆ ಪೋರ್ಟೊ ರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ, ಸಾಕಿ, ತೋಟಗಳಿಗೆ ಬಿಡಿಸಿತು. ಅವು ತಿಗಣೆಯ ಮೈಯೊಳಗೆ ಮೊಟ್ಟೆ ಇಟ್ಟು ಅದನ್ನು ಕೊಲ್ಲುತ್ತವೆ. ನಮ್ಮ ಕೃಷಿ ವಿಜ್ಞಾನಿಗಳು ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು ಅಂತ ನಾನು ಮನಸಾರೆ ಹೇಳುತ್ತೇನೆ. ಆ ಕಣಜ ಈಗಲೂ ನಮ್ಮ ಸುತ್ತ ಇದೆ.

ಹಾಗಾಗಿ ಇಲ್ಲಿ ಘಾಟು ಕೀಟನಾಶಕ ಹೊಡೆಯುವುದು ನಷ್ಟದ ಕೆಲಸ. ತಿಗಣೆಗೆ ಮೇಣದ ರಕ್ಷಣೆ ಇದೆ, ಸಾಯುವುದು ಕಣಜ. ಜೋರು ನೀರಿನಿಂದ ತೊಳೆಯಿರಿ. ತುಂಬ ಹತ್ತಿದ ಎಲೆ ಕತ್ತರಿಸಿ ಚೀಲಕ್ಕೆ ಹಾಕಿ ಕಟ್ಟಿ ನಾಶ ಮಾಡಿ. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪು ಸೇರಿಸಿ ಸಿಂಪಡಿಸಿ. ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ. ಪರಂಗಿ ಎಲೆ ಸುಲಭವಾಗಿ ಸುಡುತ್ತದೆ. ಇರುವೆ ಹತ್ತದ ಹಾಗೆ ನೋಡಿಕೊಳ್ಳಿ. ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಯನ್ನು ಕಾಯುತ್ತವೆ, ಕಣಜವನ್ನು ಓಡಿಸುತ್ತವೆ.

ಎಲೆ ಮೇಲೆ ಬೂದಿ

ಚಳಿಗಾಲದಲ್ಲಿ ಎಲೆಯ ಅಡಿಯಲ್ಲಿ ಬಿಳಿ ಪುಡಿ, ಮೇಲೆ ಪೇಲವ ತೇಪೆ ಕಂಡರೆ ಬೂದಿ ರೋಗ. ಕೆಳಗಿನ ಕೆಟ್ಟ ಎಲೆ ತೆಗೆಯಿರಿ, ನುಸಿಗೆ ಹೇಳಿದ ಗಂಧಕವೇ ಇದಕ್ಕೂ ಸಾಕು. ಬಿಸಿಲು ಏರಿದಂತೆ ತಾನಾಗಿಯೇ ಕಡಿಮೆಯಾಗುತ್ತದೆ.

ಹೂ ಬಿಡುತ್ತದೆ, ಕಾಯಿ ಕಚ್ಚುವುದಿಲ್ಲ

ಮದ್ದು ಹುಡುಕುವ ಮೊದಲು ಹೂ ನೋಡಿ. ಒಂದು ಅಡಿಗೂ ಉದ್ದದ ಜೋಲು ತೊಟ್ಟಿನಲ್ಲಿ ಗೊಂಚಲು ಗೊಂಚಲಾಗಿ ಸಪೂರ ಹೂ ಇದ್ದರೆ ಅದು ಗಂಡು ಗಿಡ. ಕಾಂಡಕ್ಕೆ ಅಂಟಿದಂತೆ ಗಿಡ್ಡ ತೊಟ್ಟಿನಲ್ಲಿ, ಬುಡ ಉಬ್ಬಿದ ದೊಡ್ಡ ಹೂ ಇದ್ದರೆ ಹೆಣ್ಣು. ಅದೇ ಜಾಗದಲ್ಲಿ ಸ್ವಲ್ಪ ನೀಳವಾದ ಹೂ, ಒಳಗೆ ಹಳದಿ ಕೇಸರವೂ ಇದ್ದರೆ ದ್ವಿಲಿಂಗಿ. ಹೆಣ್ಣು ಗಿಡದ ಕಾಯಿ ಗುಂಡಗೆ, ದ್ವಿಲಿಂಗಿಯದು ಉದ್ದಗೆ.

ಗಂಡು ಗಿಡ ಆಗಿದ್ದರೆ ಅದಕ್ಕೆ ರೋಗ ಏನೂ ಇಲ್ಲ. ಮೊಳೆ ಹೊಡೆದರೆ, ತಲೆ ಕಡಿದರೆ ಹೆಣ್ಣಾಗುತ್ತದೆ ಎಂಬ ಮಾತು ಹಳ್ಳಿ, ಪೇಟೆ ಎರಡೂ ಕಡೆ ಇದೆ. ಗಂಡು ಗಿಡ ಹವೆಯ ಏರುಪೇರಿಗೆ ತಾನಾಗಿಯೇ ಆಗೀಗ ಉದ್ದ ತೊಟ್ಟಿನಲ್ಲಿ ಒಂದೆರಡು ಕಾಯಿ ಬಿಡುವುದುಂಟು, ಅದನ್ನು ಕಂಡವರು ಮೊಳೆಯಿಂದ ಆಯಿತು ಅಂದುಕೊಳ್ಳುತ್ತಾರೆ. ಮೊಳೆಯ ತೂತಿನಿಂದ ಕೊಳೆ ಒಳಗೆ ಹೋಗುತ್ತದೆ ಅಷ್ಟೆ. ಸುತ್ತ ಹೆಣ್ಣು ಗಿಡ ಇದ್ದರೆ ಗಂಡನ್ನು ಉಳಿಸಿಕೊಳ್ಳಿ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು.

ಒಂಟಿ ಹೆಣ್ಣು ಗಿಡಕ್ಕೆ ಪರಾಗ ಸಿಗದಿದ್ದರೆ ಹೂ, ಮಿಡಿ ಉದುರುತ್ತದೆ, ಇಲ್ಲವೇ ಬೀಜವಿಲ್ಲದ ಸಣ್ಣ ಕಾಯಿ ನಿಲ್ಲುತ್ತದೆ. ಒಂದೆರಡೇ ಗಿಡಕ್ಕೆ ಜಾಗ ಇರುವವರು ದ್ವಿಲಿಂಗಿ ಗಿಡ ಕೊಡುವ ತಳಿ ಆರಿಸುವುದು ಜಾಣತನ: ಕೊಡಗಿನ ಚೆಟ್ಟಳ್ಳಿಯಲ್ಲಿ ಆಯ್ಕೆಯಾದ ಕೂರ್ಗ್ ಹನಿಡ್ಯೂ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಸೂರ್ಯ, ತೈವಾನ್ ಮೂಲದ ರೆಡ್ ಲೇಡಿ. ಇವುಗಳಲ್ಲಿ ಗಂಡು ಗಿಡವೇ ಬರುವುದಿಲ್ಲ.

ದ್ವಿಲಿಂಗಿ ಗಿಡವೂ ಕಡು ಬೇಸಿಗೆಯಲ್ಲಿ ಕಾಯಿ ಕಚ್ಚುವುದನ್ನು ನಿಲ್ಲಿಸಬಹುದು. ಸೆಕೆಗೆ, ನೀರಿನ ಕೊರತೆಗೆ ಹೂವಿನ ಹೆಣ್ಣು ಭಾಗ ಬೆಳೆಯುವುದಿಲ್ಲ. ಕಾಂಡದ ಮೇಲೆ ಕಾಯಿ ಇರುವ ಗೆರೆ, ಖಾಲಿ ಗೆರೆ ಸರದಿಯಲ್ಲಿ ಕಂಡರೆ ಇದೇ ಕಾರಣ. ಹದವಾಗಿ ನೀರು ಕೊಡುತ್ತಿರಿ, ಮಳೆ ಬಂದ ಮೇಲೆ ಸರಿಯಾಗುತ್ತದೆ.

ಕಾಯಿ ಉಬ್ಬುತಗ್ಗು, ಮೇಲೆ ಹಾಲು ಸೋರಿದ ಗುರುತು

ಗಾಯ ಇಲ್ಲದೆಯೇ ಕಾಯಿಯ ಮೇಲೆ ಹಾಲು ಹೆಪ್ಪುಗಟ್ಟಿದೆ, ಮೈ ಗಂಟು ಗಂಟಾಗಿದೆ, ಕತ್ತರಿಸಿದರೆ ಒಳಗೆ ಬೀಜ ಬಲಿತಿಲ್ಲ. ಇದು ಬೋರಾನ್ ಕೊರತೆ. ಮರಳು ಮಣ್ಣಿನಲ್ಲಿ, ಬಿಸಿಲಿಗೆ ಮಣ್ಣು ಪೂರ್ತಿ ಒಣಗಿದಾಗ ಜಾಸ್ತಿ. ಲೀಟರ್ ನೀರಿಗೆ 1 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎಲೆ, ಹೂವಿಗೆ ಸಿಂಪಡಿಸಿ. ಕೆಟ್ಟ ಕಾಯಿ ನೆಟ್ಟಗಾಗುವುದಿಲ್ಲ, ಹೊಸ ಕಾಯಿ ನಯವಾಗಿ ಬರುತ್ತದೆ. ಬೋರಾನ್ ಜಾಸ್ತಿಯಾದರೆ ಅದೇ ವಿಷ. ಚಮಚದ ಅಂದಾಜು ಬೇಡ, ತೂಕ ಮಾಡಿ. ಉಬ್ಬಿನ ಜೊತೆ ಉಂಗುರವೂ ಕಂಡರೆ ಮಾತ್ರ ನಂಜು ರೋಗದ ಭಾಗಕ್ಕೆ ಮರಳಿ ಹೋಗಿ.

ಹಣ್ಣಾಗುವಾಗ ಕೊಳೆಯುತ್ತದೆ, ಅಥವಾ ಸಪ್ಪೆ

ಬಣ್ಣ ತಿರುಗುವಾಗ ಗುಂಡಗೆ ತಗ್ಗು ಬಿದ್ದು ಕೊಳೆತರೆ ಚಿಬ್ಬು ರೋಗ. ಕಾಯಿ ಹಸಿರಿದ್ದಾಗಲೇ ಶಿಲೀಂಧ್ರ ಸೇರಿ ಹಣ್ಣಾಗುವವರೆಗೆ ಸುಮ್ನೆ ಕಾದಿರುತ್ತದೆ. ಹಳದಿ ಗೆರೆ ಒಂದೆರಡು ಮೂಡಿದ ಕೂಡಲೇ ಕೀಳಿ, ಒಣಗಿದ ಎಲೆ ತೊಟ್ಟುಗಳನ್ನು ಗಿಡದಿಂದ ತೆಗೆಯಿರಿ. ಹಾಲು ಇಳಿಯಲಿ ಅಂತ ಗೀರು ಹಾಕಬೇಡಿ, ಅದು ಕೊಳೆಗೆ ದಾರಿ. ಕಿತ್ತ ಕಾಯಿಯನ್ನು 48ರಿಂದ 49 ಡಿಗ್ರಿ ಬಿಸಿ ನೀರಿನಲ್ಲಿ 20 ನಿಮಿಷ ಇಟ್ಟು ತಣಿಸಿದರೆ ಕೊಳೆಯುವುದು ಕಡಿಮೆಯಾಗುತ್ತದೆ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಮಾತ್ರ ಮಾಡಿ, ಅಂದಾಜಿನಲ್ಲಿ ಮಾಡಿದರೆ ಕಾಯಿ ಬೆಂದುಹೋಗುತ್ತದೆ.

ಸಪ್ಪೆಗೆ ಕಾರಣ ಸಾಮಾನ್ಯವಾಗಿ ಬೇಗ ಕಿತ್ತದ್ದು, ನೆರಳು, ಚಳಿ, ಇಲ್ಲವೇ ಎಲೆ ಉದುರಿ ಬೋಳಾದ ಗಿಡ.

ಯಾವಾಗ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಎರಡು ಮದ್ದು ಹೊಡೆದೂ ಹೊಸ ಎಲೆ ಸುಧಾರಿಸದಿದ್ದರೆ ಮೂರನೆಯದನ್ನು ಕೊಳ್ಳಬೇಡಿ. ಅಂಗಡಿಯಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಕೆಂಪು, ಹಳದಿ ಗುರುತಿನವು ಮನೆಯಂಗಳಕ್ಕೆ ಬೇಡವೇ ಬೇಡ. ಯಾವುದನ್ನು ಹೊಡೆದರೂ ಮೂಗು, ಬಾಯಿ, ಕಣ್ಣು ಮುಚ್ಚಿಕೊಳ್ಳಿ, ಗಾಳಿಗೆ ಎದುರಾಗಿ ನಿಲ್ಲಬೇಡಿ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅಂತ ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಪಾಲಿಸಿ. ಪರಂಗಿಯಲ್ಲಿ ಹೂ, ಕಾಯಿ, ಹಣ್ಣು ಒಟ್ಟಿಗೆ ಇರುವುದರಿಂದ ಹೊಡೆಯುವ ಮೊದಲೇ ಬಲಿತ ಕಾಯಿ ಕಿತ್ತುಕೊಳ್ಳಿ. ತಲೆ ಸುತ್ತು, ವಾಂತಿ, ಬೆವರು ಬಂದರೆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಿ.

ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ತಾಲ್ಲೂಕಿನ ತೋಟಗಾರಿಕೆ ಇಲಾಖೆ, ರೈತ ಸಂಪರ್ಕ ಕೇಂದ್ರಗಳಲ್ಲಿ ಕೇಳಬಹುದು. ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಹೋಗುವಾಗ ಒಂದು ಹಳದಿ ಎಲೆ ಹಿಡಿದುಕೊಂಡು ಹೋದರೆ ಸಾಲದು. ತೊಟ್ಟಿನ ಸಮೇತ ಒಂದು ಸುಳಿ ಎಲೆ, ಒಂದು ಹಳೆ ಎಲೆ, ಒಂದು ಕಾಯಿ, ಹಿಡಿ ಮಣ್ಣಿನ ಜೊತೆ ಸ್ವಲ್ಪ ಸಣ್ಣ ಬೇರು, ಬುಡದ ಮತ್ತು ಇಡೀ ಗಿಡದ ಫೋಟೊ ಒಯ್ಯಿರಿ. ಎಲೆಗಳನ್ನು ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಕೊಳೆಯುತ್ತವೆ, ಕಾಗದದಲ್ಲಿ ಸುತ್ತಿ. ಏನೇನು ಹಾಕಿದಿರಿ, ಯಾವಾಗ ಹಾಕಿದಿರಿ ಎಂಬುದನ್ನೂ ಬರೆದುಕೊಳ್ಳಿ.

ಗಿಡಕ್ಕೆ ಮೂರು ವರ್ಷ ದಾಟಿ, ಕಾಯಿ ಸಣ್ಣದಾಗಿ, ಕೈಗೆಟುಕದಷ್ಟು ಎತ್ತರ ಹೋಗಿದ್ದರೆ ಅದನ್ನು ಉಳಿಸಲು ಹೋರಾಡಬೇಡಿ. ಈ ವರ್ಷವೇ ಬೇರೆ ಜಾಗದಲ್ಲಿ ಹೊಸ ಸಸಿ ನೆಡಿ, ಅದು ಹೂ ಬಿಡುವ ಹೊತ್ತಿಗೆ ಹಳೆಯದನ್ನು ತೆಗೆಯಿರಿ. ಕೊಳೆತು ಸತ್ತ ಗಿಡದ ಗುಂಡಿಯಲ್ಲೇ ಮತ್ತೆ ಪರಂಗಿ ಬೇಡ. ಅಲ್ಲಿ ಬಾಳೆಯೋ ಕರಿಬೇವೋ ಬೆಳೆಯಲಿ.